ಬಾವಲಿ ಯಾಕೆ ಭಾಗ್ಯ? ಚೀನೀಯರ ಅದೃಷ್ಟ ಚಿಹ್ನೆಗಳನ್ನು ಓದುವ ಬಗೆ

2026ರ ಫೆಬ್ರವರಿ 17ಕ್ಕೆ ಚೀನೀ ಪಂಚಾಂಗದ ಕುದುರೆ ವರ್ಷ ಶುರುವಾಯಿತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ವರ್ಷಕ್ಕೆ ಅದರದೇ ಆದ ಒಂದು ಬಗೆಯ ಚಿತ್ರಗಳಿವೆ. ಕುದುರೆಯ ಬೆನ್ನ ಮೇಲೆ ಏನಾದರೂ ಒಂದು ಕೂತಿರುತ್ತದೆ. ನೋಟಿನ ಕಟ್ಟು ಕೂತಿದ್ದರೆ ನಮಗೂ ಅರ್ಥವಾಗಬಹುದು. ಆದರೆ ಹಿಂದಿನ ಕುದುರೆ ವರ್ಷವಾದ 2014ರಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಡಿದ ಒಂದು ಚಿತ್ರದಲ್ಲಿ ಕುದುರೆಯ ಮೇಲೆ ಎರಡು ಆನೆಗಳಿದ್ದವು. ಅದರ ಅರ್ಥ, ‘ನಿನಗೆ ಬೇಗ ಒಂದು ಜೋಡಿ ಸಿಗಲಿ’ ಅಂತ!

ಆನೆಗೂ ಜೋಡಿಗೂ ಏನು ಸಂಬಂಧ? ಚೀನೀ ಭಾಷೆಯಲ್ಲಿ ‘ಕುದುರೆಯ ಮೇಲೆ’ ಅನ್ನುವುದಕ್ಕೆ ‘ಮಾ ಷಾಂಗ್’ ಅನ್ನುತ್ತಾರೆ. ಅದೇ ಮಾತಿಗೆ ‘ಈಗಲೇ, ಕೂಡಲೇ’ ಅನ್ನುವ ಅರ್ಥವೂ ಇದೆ. ಆನೆಗೆ ‘ಷಿಯಾಂಗ್’. ಜೊತೆ ಅನ್ನುವುದಕ್ಕೆ ‘ದುಯ್’. ಎರಡೂ ಸೇರಿದ ‘ದುಯ್‌ಷಿಯಾಂಗ್’ ಅಂದರೆ ಮದುವೆಯಾಗುವ ಹುಡುಗ ಅಥವಾ ಹುಡುಗಿ. ಇಷ್ಟು ಗೊತ್ತಾದರೆ ಚಿತ್ರ ತಾನಾಗಿ ಮಾತಾಡುತ್ತದೆ.

ಈ ಚಿಹ್ನೆಗಳು ಈಗ ನಮ್ಮ ಸುತ್ತಲೂ ಜಾಸ್ತಿಯಾಗಿವೆ. ಚೀನೀಯರ ಹೊಸವರ್ಷದ ಹಬ್ಬ 2024ರ ಡಿಸೆಂಬರಿನಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಗಿಫ್ಟ್ ಅಂಗಡಿಗಳಲ್ಲಿ ನಗುವ ಬುದ್ಧ, ಮೂರು ಕಾಲಿನ ಕಪ್ಪೆ, ಕೆಂಪು ದಾರದಲ್ಲಿ ಕಟ್ಟಿದ ತೂತಿನ ನಾಣ್ಯ ಸಾಲಾಗಿ ಕೂತಿವೆ. ತುಂಬಾ ಜನ ಕೊಳ್ಳುತ್ತಾರೆ, ಆದರೆ ಅದು ಏನು ಅಂತ ಕೇಳಿದರೆ ‘ಲಕ್ಕಿ ಅಂತೆ’ ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಅದರ ಮುಂದಿನ ಮಾತನ್ನು ಇಲ್ಲಿ ನೋಡೋಣ.

ಕಿವಿಯಿಂದ ನೋಡಬೇಕಾದ ಚಿತ್ರಗಳು

ಚೀನೀ ಅದೃಷ್ಟ ಚಿಹ್ನೆಗಳಲ್ಲಿ ಬಹುಪಾಲು ಹುಟ್ಟಿದ್ದು ಉಚ್ಚಾರಣೆಯಿಂದ. ಒಂದು ವಸ್ತುವಿನ ಹೆಸರು ಮತ್ತು ಒಂದು ಒಳ್ಳೆಯ ಮಾತು ಒಂದೇ ಥರ ಕೇಳಿಸಿದರೆ ಆ ವಸ್ತು ಆ ಮಾತಿನ ಗುರುತಾಗುತ್ತದೆ.

ಕನ್ನಡದಲ್ಲೇ ಯೋಚಿಸಿ. ‘ಹತ್ತು’ ಅಂದರೆ ಸಂಖ್ಯೆ, ‘ಮೇಲೆ ಏರು’ ಅಂತಲೂ ಹೌದು. ಬಡ್ತಿಗೆ ಕಾಯುತ್ತಿರುವ ಗೆಳೆಯನಿಗೆ ನೀವು 10 ಅಂತ ಕೆತ್ತಿದ ಬೆಳ್ಳಿ ನಾಣ್ಯ ಕೊಟ್ಟು, ಅವನು ಅದನ್ನು ನೋಡಿದ ಕೂಡಲೇ ‘ಹತ್ತು’ ಎಂಬ ಹಾರೈಕೆ ಕೇಳಿಸಿಕೊಂಡ ಅಂತಿಟ್ಟುಕೊಳ್ಳಿ. ನಾವು ಹಾಗೆ ಮಾಡುವುದಿಲ್ಲ. ಚೀನೀಯರು ಇದನ್ನು ನೂರಾರು ವರ್ಷಗಳಿಂದ ಮಾಡುತ್ತಾ ಬಂದಿದ್ದಾರೆ, ಪಿಂಗಾಣಿಯ ಮೇಲೆ, ರೇಷ್ಮೆಯ ಮೇಲೆ, ಬಾಗಿಲ ಮೇಲೆ, ಊಟದ ತಟ್ಟೆಯಲ್ಲಿ.

ಆ ಭಾಷೆಗೇ ಇದು ಯಾಕೆ ಇಷ್ಟು ಒಗ್ಗಿತು? ಚೀನಾದ ಮುಖ್ಯ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಉಚ್ಚಾರಣೆಯ ಘಟಕಗಳು ಕಡಿಮೆ. ದನಿಯ ಏರಿಳಿತ ಬಿಟ್ಟರೆ ಸುಮಾರು 400. ನಾಲ್ಕು ಬಗೆಯ ಏರಿಳಿತ ಸೇರಿಸಿದರೂ 1300ರ ಆಸುಪಾಸು. ಆದರೆ ಬಳಕೆಯಲ್ಲಿರುವ ಅಕ್ಷರಗಳು ಸಾವಿರಾರು, ಒಂದೊಂದು ಅಕ್ಷರಕ್ಕೂ ಬೇರೆ ಅರ್ಥ. ಹಾಗಾಗಿ ಒಂದೇ ದನಿಯನ್ನು ಹತ್ತಾರು ಅಕ್ಷರಗಳು ಹಂಚಿಕೊಳ್ಳಲೇಬೇಕು. ಬರೆದಾಗ ಬೇರೆ ಬೇರೆ, ಓದಿ ಹೇಳಿದಾಗ ಒಂದೇ.

ಇದು ಒಂದು ಪೂರ್ಣ ಕಲೆಯಾಗಿ ಬೆಳೆದದ್ದು ಮಿಂಗ್ ಮತ್ತು ಚಿಂಗ್ ರಾಜವಂಶಗಳ ಕಾಲದಲ್ಲಿ, ಅಂದರೆ 1368ರಿಂದ 1911ರವರೆಗೆ. ಚಿತ್ರ ಬರೆದರೆ ಅದಕ್ಕೊಂದು ಅರ್ಥ ಇರಬೇಕು, ಅರ್ಥ ಇದ್ದರೆ ಅದು ಶುಭವೇ ಆಗಿರಬೇಕು ಅನ್ನುವ ಗಾದೆಯೇ ಇದೆ. ತಿಯಾನ್‌ಜಿನ್ ಹತ್ತಿರದ ಯಾಂಗ್‌ಲಿಯುಚಿಂಗ್ ಎಂಬ ಊರು ಹೊಸವರ್ಷದ ಮರದಚ್ಚಿನ ಚಿತ್ರಗಳಿಗೆ ಹೆಸರುವಾಸಿ. ಅಲ್ಲಿಯ ಬಲು ಪ್ರಸಿದ್ಧ ಚಿತ್ರವೊಂದರಲ್ಲಿ ಗುಂಡು ಗುಂಡಾದ ಮಗುವೊಂದು ದೊಡ್ಡ ಮೀನನ್ನು ಅವುಚಿಕೊಂಡು ಕೂತಿದೆ, ಪಕ್ಕದಲ್ಲಿ ತಾವರೆ. ನೋಡಿದವರಿಗೆ ಮುದ್ದಾದ ಚಿತ್ರ, ಅಷ್ಟೆ. ಆದರೆ ತಾವರೆಗೆ ‘ಲಿಯೆನ್’, ಆ ದನಿಗೆ ‘ಒಂದರ ಹಿಂದೆ ಒಂದು’ ಎಂಬ ಅರ್ಥವೂ ಇದೆ. ಮೀನಿಗೆ ‘ಯು’, ಆ ದನಿಗೆ ‘ಮಿಕ್ಕಿದ್ದು’ ಎಂಬ ಅರ್ಥವೂ ಇದೆ. ಈಗ ಚಿತ್ರ ಒಂದು ವಾಕ್ಯವಾಯಿತು: ವರ್ಷದಿಂದ ವರ್ಷಕ್ಕೆ ಮನೆಯಲ್ಲಿ ತುಂಬಿ ಮಿಕ್ಕಲಿ. ಅಕ್ಷರ ಬಾರದ ರೈತನ ಮನೆಯ ಗೋಡೆಯ ಮೇಲೂ ಈ ವಾಕ್ಯ ಇರುತ್ತಿತ್ತು, ಮನೆಮಂದಿಯೆಲ್ಲ ಅದನ್ನು ಓದುತ್ತಿದ್ದರು. ಈ ಕಲೆಯ ದೊಡ್ಡಸ್ತಿಕೆ ಇರುವುದೇ ಅಲ್ಲಿ.

ಬಾವಲಿ ಎಂಬ ಭಾಗ್ಯ

ಬಾವಲಿ ಅಂದರೆ ನಮ್ಮಲ್ಲಿ ಅನೇಕರಿಗೆ ಅಪಶಕುನ. ಚೀನಾದಲ್ಲಿ ಅದು ಅರಮನೆಯ ಛಾವಣಿಯ ಮೇಲೆ, ರಾಣಿಯ ನಿಲುವಂಗಿಯ ಮೇಲೆ, ಅನ್ನದ ಬಟ್ಟಲಿನ ಅಂಚಿನಲ್ಲಿ ಹಾರಾಡುತ್ತದೆ. ಕಾರಣ ಇಷ್ಟೇ: ಬಾವಲಿಯ ಹೆಸರಿನ ಕೊನೆಯ ಅಕ್ಷರ ‘ಫು’. ಭಾಗ್ಯ, ಸುಖ ಅನ್ನುವುದಕ್ಕೂ ‘ಫು’. ದನಿಯ ಏರಿಳಿತ ಕೂಡ ಎರಡಕ್ಕೂ ಒಂದೇ.

ಐದು ಬಾವಲಿ ಒಟ್ಟಿಗೆ ಇದ್ದರೆ ಐದು ಭಾಗ್ಯ. ಇವು ಯಾವುವು ಅಂತ ಕನ್ಫ್ಯೂಷಿಯಸ್ ಪರಂಪರೆಯ ಪ್ರಾಚೀನ ಗ್ರಂಥವೊಂದು ಪಟ್ಟಿ ಮಾಡಿದೆ. ದೀರ್ಘಾಯುಸ್ಸು, ಸಂಪತ್ತು, ಆರೋಗ್ಯ ಮತ್ತು ನೆಮ್ಮದಿ, ಒಳ್ಳೆಯತನದ ಮೇಲಿನ ಪ್ರೀತಿ, ಕೊನೆಯದಾಗಿ ಆಯುಸ್ಸು ತುಂಬಿ ಸುಖವಾಗಿ ಸಾಯುವುದು. ಒಳ್ಳೆಯ ಸಾವನ್ನು ಭಾಗ್ಯದ ಲೆಕ್ಕಕ್ಕೆ ಸೇರಿಸಿದ ಈ ಪಟ್ಟಿ ನನಗೆ ಬಹಳ ಹಿಡಿಸುತ್ತದೆ. ಬಾವಲಿಗೆ ಕೆಂಪು ಬಣ್ಣ ಹಚ್ಚಿದರೆ ಇನ್ನೂ ಒಂದು ಮಟ್ಟ ಮೇಲೆ. ಕೆಂಪಿಗೆ ‘ಹೊಂಗ್’, ಅಪಾರ ಅನ್ನುವುದಕ್ಕೂ ‘ಹೊಂಗ್’. ಕೆಂಪು ಬಾವಲಿ ಅಂದರೆ ಅಪಾರ ಭಾಗ್ಯ.

ಇದನ್ನು ಕಣ್ಣಾರೆ ನೋಡಬೇಕಾದರೆ ಬೀಜಿಂಗಿನ ರಾಜಕುಮಾರ ಗೊಂಗ್ ಅವರ ಮಹಲಿಗೆ ಹೋಗಬೇಕು. 18ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದ್ದು ಹೆ-ಶೆನ್ ಎಂಬ ಮಂತ್ರಿ. ಲಂಚದಿಂದ ಸಂಪತ್ತು ಗುಡ್ಡೆ ಹಾಕಿದ್ದಕ್ಕೆ ಕುಖ್ಯಾತನಾದವನು. ಅಲ್ಲಿ ತೊಲೆಗಳ ಮೇಲೆ, ಕಿಟಕಿಗಳಲ್ಲಿ, ಕಲ್ಲಿನಲ್ಲಿ ಎಲ್ಲೆಲ್ಲೂ ಬಾವಲಿ. ತೋಟದ ಕೊಳದ ಆಕಾರವೂ ರೆಕ್ಕೆ ಬಿಚ್ಚಿದ ಬಾವಲಿಯದೇ. ಒಟ್ಟು 9,999 ಬಾವಲಿಗಳಿವೆ ಅಂತ ಜನ ಹೇಳುತ್ತಾರೆ. ಹತ್ತು ಸಾವಿರಕ್ಕೆ ಒಂದು ಯಾಕೆ ಕಡಿಮೆ? ಕೊನೆಯ ‘ಫು’ ತೋಟದ ಕಲ್ಲುಗುಡ್ಡದೊಳಗಿನ ಗುಹೆಯಲ್ಲಿದೆ. ಅದು ಚಕ್ರವರ್ತಿ ಕಾಂಗ್‌ಶಿ ತನ್ನ ಅಜ್ಜಿಗಾಗಿ ಕೈಯಾರೆ ಬರೆದ ‘ಫು’ ಅಕ್ಷರ ಎಂಬ ಪ್ರತೀತಿ ಇದೆ. ಅದನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಇವತ್ತಿಗೂ ಅದನ್ನು ನೋಡಲು ಉದ್ದ ಸಾಲು ನಿಲ್ಲುತ್ತದೆ.

ಇದೇ ‘ಫು’ ಅಕ್ಷರವನ್ನು ವಜ್ರಾಕಾರದ ಕೆಂಪು ಕಾಗದದ ಮೇಲೆ ಬರೆದು ಹೊಸವರ್ಷಕ್ಕೆ ಬಾಗಿಲಿಗೆ ಅಂಟಿಸುತ್ತಾರೆ. ಎಷ್ಟೋ ಕಡೆ ಅದು ತಲೆಕೆಳಗಾಗಿರುತ್ತದೆ. ಅವಸರದಲ್ಲಿ ತಪ್ಪಾಗಿ ಅಂಟಿಸಿದ್ದಲ್ಲ. ತಲೆಕೆಳಗಾಗುವುದಕ್ಕೆ ‘ದಾವ್’, ಬಂದು ತಲುಪುವುದಕ್ಕೂ ‘ದಾವ್’. ಬಂದ ನೆಂಟರು ‘ಅಯ್ಯೋ, ಫು ತಲೆಕೆಳಗಾಗಿದೆ’ ಅಂದರೆ ಸಾಕು, ‘ಭಾಗ್ಯ ಮನೆಗೆ ಬಂದಿದೆ’ ಅಂತ ಅವರ ಬಾಯಿಂದಲೇ ಹೇಳಿಸಿದ ಹಾಗಾಯಿತು. ಸಂಪ್ರದಾಯ ಬಲ್ಲ ಹಿರಿಯರು ಮಾತ್ರ ಮುಂಬಾಗಿಲಿಗೆ ನೆಟ್ಟಗೇ ಅಂಟಿಸಬೇಕು, ತಲೆಕೆಳಗಿನದು ಒಳಗಿನ ಬೀರು, ಅಕ್ಕಿ ಡಬ್ಬಕ್ಕೆ ಸರಿ ಅನ್ನುತ್ತಾರೆ.

ಯಾರಿಗೆ ಯಾವ ಬಯಕೆ

ಅದೃಷ್ಟ ಅಂದರೆ ಚೀನೀಯರಿಗೆ ಎಲ್ಲವೂ ಸೇರಿದ ಒಂದು ಮುದ್ದೆಯಲ್ಲ. ಅದಕ್ಕೆ ವಿಭಾಗಗಳಿವೆ. ಮನೆಗಳಲ್ಲಿ, ಹೋಟೆಲುಗಳಲ್ಲಿ ಒಟ್ಟಿಗೆ ನಿಂತ ಮೂರು ಮುದುಕರ ಮೂರ್ತಿ ಕಾಣುತ್ತದಲ್ಲ, ಅವರೇ ಫು, ಲು, ಶೌ. ಮೊದಲನೆಯವರು ಭಾಗ್ಯ, ಎರಡನೆಯವರು ಪದವಿ ಮತ್ತು ಸಂಬಳ, ಮೂರನೆಯವರು ಆಯುಸ್ಸು. ಉಬ್ಬಿದ ದೊಡ್ಡ ಹಣೆ, ಬಿಳಿ ಗಡ್ಡ, ಕೈಯಲ್ಲಿ ಪೀಚ್ ಹಣ್ಣು ಇದ್ದರೆ ಅದು ಆಯುಸ್ಸಿನ ಅಜ್ಜ. ಪಶ್ಚಿಮದ ರಾಣಿತಾಯಿ ಎಂಬ ದೇವತೆಯ ತೋಟದ ಪೀಚ್ ತಿಂದವರಿಗೆ ಸಾವಿಲ್ಲ ಅಂತ ಕಥೆ. ಅದಕ್ಕೇ ಹಿರಿಯರ ಹುಟ್ಟುಹಬ್ಬಕ್ಕೆ ಪೀಚ್ ಆಕಾರದ, ತುದಿಗೆ ಗುಲಾಬಿ ಬಣ್ಣ ಹಚ್ಚಿದ ಆವಿಯ ಬನ್ನು ಮಾಡುತ್ತಾರೆ. ಕೊಕ್ಕರೆ, ಪೈನ್ ಮರ, ಆಮೆ ಕೂಡ ಆಯುಸ್ಸಿನ ಕಡೆಯವೇ. ಇವುಗಳಿಗೆ ಉಚ್ಚಾರಣೆಯ ಹಂಗಿಲ್ಲ, ಬಹುಕಾಲ ಬದುಕುತ್ತವೆ ಎಂಬ ನಂಬಿಕೆಯೇ ಸಾಕು.

ನಡುವಿನ ‘ಲು’ ಸ್ವಲ್ಪ ವಿವರ ಬೇಡುತ್ತದೆ. ‘ಲು’ ಅಂದರೆ ಸರ್ಕಾರಿ ಸಂಬಳ. ಜಿಂಕೆಗೂ ‘ಲು’. ಹಾಗಾಗಿ ಜಿಂಕೆ ಸರ್ಕಾರಿ ಕೆಲಸದ ಗುರುತು. ಇದು ಯಾಕೆ ಇಷ್ಟು ಮುಖ್ಯ ಅಂದರೆ, ಚೀನಾದಲ್ಲಿ ಅಧಿಕಾರಿಗಳನ್ನು ಪರೀಕ್ಷೆ ಮಾಡಿ ಆರಿಸುವ ಪದ್ಧತಿ ಸುಯ್ ರಾಜವಂಶದ ಕಾಲದಲ್ಲಿ, ಅಂದರೆ ಕ್ರಿ.ಶ. 600ರ ಆಸುಪಾಸಿನಲ್ಲಿ ಶುರುವಾಗಿ 1905ರವರೆಗೆ ನಡೆಯಿತು. ಸುಮಾರು 1300 ವರ್ಷ. ಬಡವರ ಮಗ ದೊಡ್ಡವನಾಗಲು ಇದ್ದ ಮುಖ್ಯ ದಾರಿ ಅದೊಂದೇ. ಲಕ್ಷಾಂತರ ಜನ ಬರೆದು ಕೆಲವರಷ್ಟೇ ಪಾಸಾಗುವ ಪರೀಕ್ಷೆಯ ಸುತ್ತ ಎಷ್ಟು ಹರಕೆ ಹಾರೈಕೆ ಇರುತ್ತವೆ ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಳದಿ ನದಿಯ ಭೋರ್ಗರೆವ ಇಕ್ಕಟ್ಟಿನಲ್ಲಿ ಈಜಿ ‘ಡ್ರ್ಯಾಗನ್ ದ್ವಾರ’ವನ್ನು ಹಾರಿ ದಾಟಿದ ಕಾರ್ಪ್ ಮೀನು ಡ್ರ್ಯಾಗನ್ ಆಗುತ್ತದೆ ಎಂಬ ಕಥೆ ಪರೀಕ್ಷೆ ಗೆದ್ದ ಹುಡುಗನ ಕಥೆಯೇ. ಕುದುರೆಯ ಮೇಲೆ ಕೂತ ಕೋತಿಯ ಪುಟ್ಟ ಬೊಂಬೆಗಳೂ ಈ ಸಾಲಿಗೆ ಸೇರುತ್ತವೆ. ಕೋತಿಗೆ ‘ಹೌ’, ಸಾಮಂತ ಪದವಿಗೂ ‘ಹೌ’. ಕೂಡಲೇ ಸಾಮಂತನಾಗು ಅಂತ ಅರ್ಥ.

ಮದುವೆಗೆ ಬೇರೆಯೇ ಸಾಮಾನು. ಖುಷಿ ಎಂಬ ಅಕ್ಷರವನ್ನು ಪಕ್ಕಪಕ್ಕದಲ್ಲಿ ಎರಡು ಸಲ ಬರೆದು ಒಂದೇ ಅಕ್ಷರ ಮಾಡಿದ ‘ಜೋಡಿ ಖುಷಿ’ ಮದುವೆಯ ಮನೆಯ ಬಾಗಿಲು, ಕಾರು, ಸಿಹಿಯ ಡಬ್ಬ ಎಲ್ಲದರ ಮೇಲೂ ಇರುತ್ತದೆ. ಮೊದಲ ರಾತ್ರಿಯ ಹಾಸಿಗೆಯ ಮೇಲೆ ನಾಲ್ಕು ತಿನಿಸು ಚೆಲ್ಲುತ್ತಾರೆ: ಕೆಂಪು ಜುಜುಬೆ ಹಣ್ಣು, ಸಿಪ್ಪೆ ಸಮೇತ ಕಡಲೆಕಾಯಿ, ಲಾಂಗನ್ ಹಣ್ಣು, ತಾವರೆ ಬೀಜ. ನಾಲ್ಕರ ಹೆಸರಿನಿಂದ ಒಂದೊಂದು ಅಕ್ಷರ ಎತ್ತಿಕೊಂಡರೆ ‘ಝಾವ್, ಶೆಂಗ್, ಗುಯ್, ಝಿ’. ಜೋಡಿಸಿ ಓದಿದರೆ ‘ಬೇಗ ಒಳ್ಳೆಯ ಮಗ ಹುಟ್ಟಲಿ’. ಇಲ್ಲಿ ‘ಮಗ’ ಅಂತಲೇ ಇದೆ ಎನ್ನುವುದನ್ನು ಗಮನಿಸಬೇಕು. ಹಳೆಯ ಸಮಾಜದ ಗಂಡುಮಗುವಿನ ಹಂಬಲವೂ ಈ ಚಿಹ್ನೆಗಳೊಳಗೆ ಹಾಗೇ ಉಳಿದುಕೊಂಡಿದೆ.

ತೈವಾನಿನ ರಾಜಧಾನಿ ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಜನ ಮುಗಿಬಿದ್ದು ನೋಡುವ ಒಂದು ವಸ್ತುವಿದೆ. ಜೇಡ್ ಕಲ್ಲಿನಲ್ಲಿ ಕೆತ್ತಿದ ಕೋಸು. ಎತ್ತರ ಬರೀ 18.7 ಸೆಂಟಿಮೀಟರ್. ಅರ್ಧ ಬಿಳಿ, ಅರ್ಧ ಹಸಿರು ಇರುವ ಜೇಡ್ ಕಲ್ಲಿನ ತುಂಡು ಅದು. ಒಳಗೆ ಬಿರುಕು, ಕಲೆಗಳಿದ್ದುದರಿಂದ ಬಳೆಗೋ ಹೂದಾನಿಗೋ ಆಗುವ ಕಲ್ಲಲ್ಲ. ಶಿಲ್ಪಿ ಬಿಳಿ ಭಾಗವನ್ನು ದಂಟು ಮಾಡಿದ, ಹಸಿರು ಭಾಗವನ್ನು ಸುರುಳಿ ಎಲೆ ಮಾಡಿದ, ಬಿರುಕುಗಳನ್ನು ಎಲೆಯ ನರಗಳಲ್ಲಿ ಮುಚ್ಚಿದ. ಎಲೆಯ ತುದಿಯಲ್ಲಿ ಒಂದು ಮಿಡತೆ, ಒಂದು ಹಸಿರು ಚಿಟ್ಟೆಮಿಡತೆ ಕೂತಿವೆ. ಚಕ್ರವರ್ತಿ ಗುವಾಂಗ್‌ಶುವಿನ ರಾಣಿಯರಲ್ಲಿ ಒಬ್ಬಳಾದ ಜಿನ್ ಇದ್ದ ಅರಮನೆಯಲ್ಲಿ ಇದು ಸಿಕ್ಕಿತು. ಅವಳು ತವರಿನಿಂದ ತಂದದ್ದಿರಬೇಕು ಅಂತ ಅಂದಾಜು. ಬಿಳಿ ದಂಟು ಅವಳ ಶುದ್ಧತೆಗೆ, ಲೆಕ್ಕವಿಲ್ಲದಷ್ಟು ಮೊಟ್ಟೆ ಇಡುವ ಮಿಡತೆಗಳು ತುಂಬು ಸಂತಾನಕ್ಕೆ. ಜಿನ್‌ಗೆ ಮಕ್ಕಳಾಗಲಿಲ್ಲ.

ಡ್ರ್ಯಾಗನ್ ವಿಷಯಕ್ಕೆ ಬಂದರೆ ಅದು ಎಲ್ಲಕ್ಕಿಂತ ಮೇಲಿನದು. ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಗೆ ಮೀಸಲಾಗಿತ್ತು. ಡ್ರ್ಯಾಗನ್ ವರ್ಷದಲ್ಲಿ ಮಗು ಹುಟ್ಟಿದರೆ ಒಳ್ಳೆಯದು ಎಂಬ ಆಸೆ ಇನ್ನೂ ಇದೆ. ಚೀನಾದಲ್ಲಿ ಏಳು ವರ್ಷ ಇಳಿಯುತ್ತಲೇ ಬಂದಿದ್ದ ಜನನಗಳ ಸಂಖ್ಯೆ, ಡ್ರ್ಯಾಗನ್ ವರ್ಷವಾದ 2024ರಲ್ಲಿ 90.2 ಲಕ್ಷದಿಂದ 95.4 ಲಕ್ಷಕ್ಕೆ ಏರಿತು. ಕೋವಿಡ್ ಕಾಲದಲ್ಲಿ ನಿಂತಿದ್ದ ಮದುವೆಗಳು 2023ರಲ್ಲಿ ನಡೆದದ್ದೂ ಇದಕ್ಕೆ ಒಂದು ಕಾರಣ.

ತಟ್ಟೆಯಲ್ಲಿ ಬಡಿಸಿದ ಹಾರೈಕೆ

ಹೊಸವರ್ಷದ ಹಿಂದಿನ ರಾತ್ರಿ ಇಡೀ ಕುಟುಂಬ ಒಟ್ಟಿಗೆ ಕೂತು ಉಣ್ಣುತ್ತದೆ. ಆ ಊಟದಲ್ಲಿ ಇಡೀ ಮೀನು ಇರಲೇಬೇಕು, ತಲೆ ಬಾಲ ಸಮೇತ. ಅದನ್ನು ಪೂರ್ತಿ ಖಾಲಿ ಮಾಡುವ ಹಾಗಿಲ್ಲ. ಮಿಗಲಿ ಅನ್ನುವುದಕ್ಕಾಗಿಯೇ ಮೀನು ಇಟ್ಟಿರುವುದು, ಆದ್ದರಿಂದ ನಾಳೆಗೆ ಸ್ವಲ್ಪ ಮಿಗಿಸಬೇಕು. ಉತ್ತರ ಚೀನಾದಲ್ಲಿ ಜಿಯಾವ್‌ಝಿ ಎಂಬ ಕಡುಬು. ಅದರ ಆಕಾರ ಹಿಂದಿನ ಕಾಲದ ಬೆಳ್ಳಿ ಗಟ್ಟಿಯಂತೆ. ದಕ್ಷಿಣದಲ್ಲಿ ಅಂಟು ಅಕ್ಕಿಯ ಸಿಹಿ ಗಟ್ಟಿ, ಹೆಸರು ‘ನಿಯೆನ್ ಗಾವ್’. ಆ ದನಿಗೆ ‘ವರ್ಷದಿಂದ ವರ್ಷಕ್ಕೆ ಮೇಲೆ’ ಎಂಬ ಅರ್ಥವೂ ಬರುತ್ತದೆ. ಹುಟ್ಟುಹಬ್ಬಕ್ಕೆ ಉದ್ದನೆಯ ನೂಡಲ್ಸ್, ಆಯುಸ್ಸು ಉದ್ದವಾಗಲಿ ಅಂತ. ಹಾಂಗ್‌ಕಾಂಗ್, ಗುವಾಂಗ್‌ಡಾಂಗ್ ಕಡೆಯ ಮನೆಗಳ ಬಾಗಿಲಲ್ಲಿ ಪುಟ್ಟ ಕಿತ್ತಳೆಯಂಥ ಕಮ್‌ಕ್ವಾಟ್ ಗಿಡ. ಅಲ್ಲಿಯ ಕ್ಯಾಂಟನೀಸ್ ಭಾಷೆಯಲ್ಲಿ ಅದರ ಹೆಸರಿನ ಮೊದಲ ಅಕ್ಷರವೇ ಬಂಗಾರ.

ಒಂದು ಉಚ್ಚಾರಣೆ ಎಷ್ಟು ದೂರ ಹೋಗಬಲ್ಲದು ಅಂತ ತಿಳಿಯಲು ‘ಫಾ ತ್ಸಾಯ್’ ಕಥೆ ನೋಡಬೇಕು. ಇದು ಕಪ್ಪು ಕೂದಲಿನ ಹಾಗೆ ಕಾಣುವ ಪಾಚಿಯಂಥ ಸೂಕ್ಷ್ಮಜೀವಿ. ನಿಂಗ್‌ಶಿಯಾ, ಗಾನ್ಸು, ಒಳ ಮಂಗೋಲಿಯಾದ ಒಣ ಹುಲ್ಲುಗಾವಲುಗಳ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಅದಕ್ಕೆ ಹೇಳಿಕೊಳ್ಳುವಂಥ ರುಚಿ ಇಲ್ಲ, ಪೋಷಣೆಯೂ ಹೆಚ್ಚಿಲ್ಲ. ಆದರೆ ಕ್ಯಾಂಟನೀಸ್‌ನಲ್ಲಿ ಅದರ ಹೆಸರು ‘ಫಾತ್ ಚೊಯ್’, ಮತ್ತು ‘ದುಡ್ಡು ಮಾಡು, ಸಿರಿವಂತನಾಗು’ ಅನ್ನುವುದಕ್ಕೂ ಹೆಚ್ಚುಕಡಿಮೆ ಅದೇ ದನಿ. ಒಣಗಿಸಿದ ಸಿಂಪಿಗೆ ‘ಹೊ ಸಿ’, ಒಳ್ಳೆಯ ವ್ಯವಹಾರಕ್ಕೂ ಹೆಚ್ಚುಕಡಿಮೆ ಅದೇ. ಎರಡನ್ನೂ ಸೇರಿಸಿ ಬೇಯಿಸಿದರೆ ವ್ಯಾಪಾರಿಗಳ ಹೊಸವರ್ಷದ ಊಟ ಸಿದ್ಧ.

ಹಾಂಗ್‌ಕಾಂಗ್ ಮತ್ತು ದಕ್ಷಿಣದ ನಗರಗಳು ಶ್ರೀಮಂತವಾದಂತೆ ಇದರ ಬೇಡಿಕೆ ಏರಿತು. ಬಡ ಹಳ್ಳಿಗರು ಸಾವಿರಾರು ಸಂಖ್ಯೆಯಲ್ಲಿ ಹುಲ್ಲುಗಾವಲಿಗೆ ಇಳಿದು ಕುಂಟೆಯಿಂದ ನೆಲ ಕೆರೆದರು. ಹಿಡಿ ‘ಕೂದಲು’ ಸಿಗಬೇಕಾದರೆ ಎಷ್ಟೋ ಅಗಲದ ಹುಲ್ಲು ಬೇರುಸಮೇತ ಕೀಳಬೇಕು. ಮೊದಲೇ ಒಣಗಿದ ನೆಲ, ಹುಲ್ಲು ಹೋದ ಮೇಲೆ ಮರಳಾಯಿತು. ಕೊನೆಗೆ 2000ದಲ್ಲಿ ಚೀನಾ ಸರ್ಕಾರ ಇದನ್ನು ಕೀಳುವುದನ್ನೂ ಮಾರುವುದನ್ನೂ ನಿಷೇಧಿಸಿತು. ಈಗ ಅನೇಕ ಕಡೆ ಸಿಗುವುದು ಪಿಷ್ಟದಿಂದ ಮಾಡಿದ ನಕಲಿ. ಹೆಸರು ಅದೇ ಆದ್ದರಿಂದ ತಿನ್ನುವವರ ಹಾರೈಕೆಗೆ ಅಡ್ಡಿಯಿಲ್ಲ.

ಎಂಟಕ್ಕೆ ಬೆಲೆ, ನಾಲ್ಕಕ್ಕೆ ಭಯ

ಎಂಟಕ್ಕೆ ‘ಬಾ’. ‘ಫಾ’ ಅಂದರೆ ಏಳಿಗೆ, ದುಡ್ಡು ಮಾಡುವುದು. ಪ್ರಾಸ ಸಾಕು, ಎಂಟು ದುಡ್ಡಿನ ಸಂಖ್ಯೆಯಾಯಿತು. ಕ್ಯಾಂಟನೀಸ್‌ನಲ್ಲಿ ಇವೆರಡೂ ಇನ್ನೂ ಹತ್ತಿರ. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ ಆದದ್ದು 2008ರ 8ನೇ ತಿಂಗಳ 8ನೇ ತಾರೀಕು, ರಾತ್ರಿ 8ಕ್ಕೆ. ಸಿಚುವಾನ್ ಏರ್‌ಲೈನ್ಸ್ 2003ರಲ್ಲಿ 8888-8888 ಎಂಬ ಫೋನ್ ನಂಬರಿಗೆ 23.3 ಲಕ್ಷ ಯುವಾನ್ ಕೊಟ್ಟಿತು. ಹಾಂಗ್‌ಕಾಂಗ್‌ನಲ್ಲಿ 2016ರಲ್ಲಿ ‘28’ ಎಂಬ ಕಾರಿನ ನಂಬರ್ ಪ್ಲೇಟ್ 1.81 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹರಾಜಾಯಿತು. ಅಲ್ಲಿ 28 ಅಂದರೆ ‘ಸುಲಭವಾಗಿ ಸಿರಿ’ ಅಂತ ಕೇಳಿಸುತ್ತದೆ.

ನಾಲ್ಕರ ದನಿ ಸಾವಿನ ದನಿಗೆ ತೀರಾ ಹತ್ತಿರ, ಏರಿಳಿತ ಮಾತ್ರ ಬೇರೆ. ಹಾಂಗ್‌ಕಾಂಗ್‌ನ ಎಷ್ಟೋ ಕಟ್ಟಡಗಳ ಲಿಫ್ಟಿನಲ್ಲಿ 4, 14, 24ರ ಗುಂಡಿಗಳೇ ಇರುವುದಿಲ್ಲ. ಒಂಬತ್ತು ‘ಜಿಯು’, ಅದೇ ದನಿಗೆ ‘ಬಹುಕಾಲ’ ಎಂಬ ಅರ್ಥ. ಅದು ಚಕ್ರವರ್ತಿಯ ಸಂಖ್ಯೆಯೂ ಹೌದು. ಚಕ್ರವರ್ತಿಗಳ ಅರಮನೆಯಾಗಿದ್ದ ಬೀಜಿಂಗಿನ ನಿಷೇಧಿತ ನಗರದ ದೊಡ್ಡ ಬಾಗಿಲುಗಳ ಮೇಲೆ ಒಂಬತ್ತು ಸಾಲು, ಸಾಲಿಗೆ ಒಂಬತ್ತು, ಒಟ್ಟು 81 ಚಿನ್ನದ ಬಣ್ಣದ ಗುಬುಟುಗಳಿವೆ.

ಕೆಂಪು ಮತ್ತು ಬಾಗಿಲು

ಚೀನೀಯರ ಪಂಚತತ್ವದ ಲೆಕ್ಕದಲ್ಲಿ ಕೆಂಪು ಬೆಂಕಿಯ, ದಕ್ಷಿಣದ, ಬೇಸಿಗೆಯ ಬಣ್ಣ. ಜೀವ ತುಂಬಿದ ಬಣ್ಣ. ಬಿಳಿ ಶರತ್ಕಾಲದ್ದು, ಶೋಕದ್ದು. ಹಬ್ಬಕ್ಕೆ ಮಕ್ಕಳಿಗೆ ಕೊಡುವ ಕೆಂಪು ಲಕೋಟೆಗೆ ‘ಹೊಂಗ್‌ಬಾವ್’ ಅಂತ ಹೆಸರು. ಲಕೋಟೆಯ ಕೆಂಪೇ ಕೆಟ್ಟದ್ದನ್ನು ತಡೆಯುತ್ತದೆ, ದುಡ್ಡು ಆಮೇಲಿನ ಮಾತು. ತಾವು ಹುಟ್ಟಿದ ಪ್ರಾಣಿಯ ವರ್ಷ ಹನ್ನೆರಡು ವರ್ಷಕ್ಕೆ ಮರಳಿ ಬಂದಾಗ ಅದು ಗಂಡಾಂತರದ ವರ್ಷ ಎಂಬ ನಂಬಿಕೆ ಇದೆ. ಆಗ ವರ್ಷವಿಡೀ ಕೆಂಪು ಬೆಲ್ಟ್, ಕೆಂಪು ಕಾಲುಚೀಲ ಹಾಕುವವರಿದ್ದಾರೆ.

ಬಾಗಿಲಿನ ಎರಡೂ ಕಡೆ ಅಂಟಿಸುವ ಕೆಂಪು ಕಾಗದದ ಜೋಡಿಸಾಲುಗಳ ಮೂಲ ಪೀಚ್ ಮರದ ಹಲಗೆ. ಪೀಚ್ ಮರಕ್ಕೆ ದೆವ್ವ ಹೆದರುತ್ತದೆ ಅಂತ ಅದರ ಮೇಲೆ ಕಾವಲು ದೇವರ ಹೆಸರು ಬರೆದು ತೂಗುಹಾಕುತ್ತಿದ್ದರು. ಆಮೇಲೆ ಹೆಸರಿನ ಜಾಗಕ್ಕೆ ಪದ್ಯ ಬಂತು, ಹಲಗೆಯ ಜಾಗಕ್ಕೆ ಕಾಗದ.

ಇಲ್ಲಿಂದ ಅಲ್ಲಿಗೆ ಹೋದವು

ಚೀನೀ ಚಿಹ್ನೆಗಳ ರಾಶಿಯಲ್ಲಿ ನಮಗೆ ತೀರಾ ಪರಿಚಿತವಾದದ್ದೂ ಒಂದಿದೆ. ಸ್ವಸ್ತಿಕ. ಇದು ಬೌದ್ಧಧರ್ಮದ ಜೊತೆ ಭಾರತದಿಂದ ಹೋಗಿ ಅಲ್ಲಿ ನೆಲೆಯಾಯಿತು. ಚೀನಾವನ್ನು ಆಳಿದ ಏಕೈಕ ಸಾಮ್ರಾಜ್ಞಿ ವು ಝೆತಿಯೆನ್ ಕ್ರಿ.ಶ. 693ರಲ್ಲಿ ಇದನ್ನು ‘ವಾನ್’ ಅಂತ ಓದಬೇಕೆಂದು ಆಜ್ಞೆ ಹೊರಡಿಸಿದಳು. ‘ವಾನ್’ ಅಂದರೆ ಹತ್ತು ಸಾವಿರ, ಅಂದರೆ ಲೆಕ್ಕವಿಲ್ಲದಷ್ಟು. ಅಂದಿನಿಂದ ಅದು ಅಲ್ಲಿ ಚಿತ್ರವೂ ಹೌದು, ಅಕ್ಷರವೂ ಹೌದು. ಕಿಟಕಿಯ ಜಾಲರಿಯಲ್ಲಿ, ರೇಷ್ಮೆಯ ಅಂಚಿನಲ್ಲಿ ಸ್ವಸ್ತಿಕಗಳು ಒಂದಕ್ಕೊಂದು ಹೆಣೆದುಕೊಂಡು ಸಾಗಿದರೆ ‘ಕೊನೆಯಿಲ್ಲದ ಆಯುಸ್ಸು’ ಅಂತ ಓದಿಕೊಳ್ಳಬೇಕು.

ತುದಿಯೇ ಇಲ್ಲದ ಹಾಗೆ ಹೆಣೆದ ಗಂಟು ಕೂಡ ಹೀಗೇ. ಚೀನೀ ಅಂಗಡಿಗಳಲ್ಲಿ ಕೆಂಪು ದಾರದಲ್ಲಿ ಮಾಡಿ ಜೋತುಬಿಟ್ಟಿರುತ್ತಾರೆ. ಬೌದ್ಧರ ಎಂಟು ಮಂಗಳ ಚಿಹ್ನೆಗಳಲ್ಲಿ ಅದೂ ಒಂದು. ಶಂಖ, ಛತ್ರಿ, ಚಕ್ರ, ಜೋಡಿ ಮೀನು ಇವೆಲ್ಲ ಅದೇ ಗುಂಪಿನವು. ಬೈಲುಕುಪ್ಪೆಯ ಟಿಬೆಟನ್ ವಿಹಾರಗಳಿಗೆ ಹೋದರೆ ಈ ಗುಂಪನ್ನು ಹತ್ತಿರದಿಂದ ನೋಡಬಹುದು.

ನಮ್ಮ ಅಂಗಡಿಯಲ್ಲಿ ಇರುವುದು ಏನು

ನಗುವ ಬುದ್ಧ ಗೌತಮ ಬುದ್ಧನಲ್ಲ. 10ನೇ ಶತಮಾನದ ಆರಂಭದಲ್ಲಿ ಝೆಜಿಯಾಂಗ್ ಪ್ರಾಂತ್ಯದಲ್ಲಿ ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡು ಊರೂರು ತಿರುಗಿದ ಬುದಾಯ್ ಎಂಬ ಸನ್ಯಾಸಿ ಅವನು. ಮುಂದೆ ಬರಲಿರುವ ಮೈತ್ರೇಯ ಬುದ್ಧನ ಅವತಾರ ಅಂತ ಜನ ನಂಬಿದರು. ಚೀನಾದಲ್ಲಿ ಅವನು ಬೌದ್ಧ ದೇವಾಲಯದ ಮೊದಲ ಮಂಟಪದಲ್ಲೇ ಕೂತು ಬಂದವರನ್ನು ಸ್ವಾಗತಿಸುತ್ತಾನೆ.

ತೂತಿನ ನಾಣ್ಯಗಳದು ನಿಜವಾದ ಚೀನೀ ರೂಪ. ಕ್ರಿ.ಪೂ. 221ರಲ್ಲಿ ದೇಶವನ್ನು ಒಂದು ಮಾಡಿದ ಚಿನ್ ಚಕ್ರವರ್ತಿ ದುಂಡು ಆಕಾರ, ನಡುವೆ ಚೌಕ ತೂತಿನ ನಾಣ್ಯವನ್ನು ಎಲ್ಲೆಡೆಗೆ ಜಾರಿ ಮಾಡಿದ. ದುಂಡು ಆಕಾಶ, ಚೌಕ ಭೂಮಿ. ಈ ಬಗೆಯ ನಾಣ್ಯ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚಲಾವಣೆಯಲ್ಲಿತ್ತು. ಮೂರು ಕಾಲಿನ ಕಪ್ಪೆ ಲಿಯು ಹಾಯ್ ಎಂಬ ದಾವೋ ಪಂಥದ ಸಿದ್ಧನ ಜೊತೆಗಾರ. ಅವನು ನಾಣ್ಯದ ಸರ ತೋರಿಸಿ ಅದನ್ನು ಬಾವಿಯಿಂದ ಮೇಲೆ ಕರೆದ ಅಂತ ಕಥೆ.

‘ಲಕ್ಕಿ ಬ್ಯಾಂಬೂ’ ಬಿದಿರಲ್ಲ, ಚೀನಾದ್ದೂ ಅಲ್ಲ. ಅದು ಮಧ್ಯ ಆಫ್ರಿಕಾ ಮೂಲದ ಡ್ರಸೀನಾ ಎಂಬ ಗಿಡ. ಕೈ ಬೀಸುವ ಬೆಕ್ಕು ಜಪಾನಿನದು. ಗೊತ್ತಿದ್ದು ಇಟ್ಟುಕೊಂಡರೆ ತೊಂದರೆ ಏನಿಲ್ಲ, ಚೀನಾದ ವ್ಯಾಪಾರಿಗಳೂ ಆ ಬೆಕ್ಕನ್ನು ಗಲ್ಲಾ ಪಕ್ಕ ಇಟ್ಟುಕೊಳ್ಳುತ್ತಾರೆ.

ಇದನ್ನೆಲ್ಲ ಅವರು ನಂಬುತ್ತಾರಾ?

ಕೆಲವರು ಗಾಢವಾಗಿ ನಂಬುತ್ತಾರೆ, ಹಲವರು ಸುಮ್ನೆ ಒಳ್ಳೆಯ ಮಾತು ಅಂತ ಪಾಲಿಸುತ್ತಾರೆ. ಬಾಯಿಂದ ಒಳ್ಳೆಯದು ಬರಬೇಕು ಅನ್ನುವುದು ಇದರ ತಿರುಳು. ಹೊಸವರ್ಷದ ದಿನ ಮಗು ತಟ್ಟೆ ಒಡೆದರೆ ಬೈಯುವುದಿಲ್ಲ. ಒಡೆಯುವುದಕ್ಕೆ ‘ಸುಯ್’, ವರ್ಷಕ್ಕೂ ‘ಸುಯ್’. ಅಜ್ಜಿ ಕೂಡಲೇ ‘ಸುಯ್ ಸುಯ್ ಪಿಂಗ್ ಆನ್’ ಅನ್ನುತ್ತಾಳೆ: ವರ್ಷ ವರ್ಷವೂ ನೆಮ್ಮದಿ ಇರಲಿ. ಈ ಅಭ್ಯಾಸ ಹೊಸದನ್ನೂ ಬಿಡುವುದಿಲ್ಲ. ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಚೀನೀಯಲ್ಲಿ ‘ಪಿಂಗ್ ಆನ್’ ರಾತ್ರಿ ಅಂತ ಹೆಸರು. ಸೇಬಿಗೆ ‘ಪಿಂಗ್‌ಗುವೊ’. ಅಷ್ಟು ಸಾಕಾಯಿತು, ನಗರದ ಹುಡುಗ ಹುಡುಗಿಯರು ಆ ರಾತ್ರಿ ಬಣ್ಣದ ಡಬ್ಬದಲ್ಲಿ ಸೇಬು ಕೊಡುವ ರೂಢಿ ಶುರುವಾಯಿತು.

ಉಲ್ಟಾ ಕೇಳಿಸಿದರೆ ಮಾತ್ರ ಕಷ್ಟ. ‘ಗಡಿಯಾರ ಕೊಡುವುದು’ ಮತ್ತು ‘ಅಂತ್ಯಕ್ರಿಯೆಗೆ ಹೋಗುವುದು’ ಎರಡಕ್ಕೂ ‘ಸೊಂಗ್ ಝೊಂಗ್’. 2015ರ ಜನವರಿಯಲ್ಲಿ ಬ್ರಿಟನ್ನಿನ ಸಚಿವೆಯೊಬ್ಬರು ತೈಪೆಯ ಮೇಯರ್‌ಗೆ ಜೇಬುಗಡಿಯಾರ ಉಡುಗೊರೆ ಕೊಟ್ಟು, ಅದು ದೊಡ್ಡ ಸುದ್ದಿಯಾಗಿ, ಗೊತ್ತಿರಲಿಲ್ಲ ಅಂತ ಕ್ಷಮೆ ಕೇಳಬೇಕಾಯಿತು. ಪೇರಲೆಯಂತೆ ಕಾಣುವ ಪೇರ್ ಹಣ್ಣಿನ ‘ಲಿ’ ಅಗಲಿಕೆಯ ದನಿ, ಆದ್ದರಿಂದ ಗಂಡಹೆಂಡತಿ ಅದನ್ನು ಹೋಳು ಮಾಡಿ ಹಂಚಿಕೊಳ್ಳುವುದಿಲ್ಲ. ಕೊಡೆಯ ‘ಸಾನ್’ ಚದುರುವಿಕೆಯ ದನಿ, ಅದೂ ಉಡುಗೊರೆಗೆ ಆಗದು.

ಸಿಂಗಪುರ, ಮಲೇಷ್ಯಾದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಇದು ಪ್ರತಿ ವರ್ಷ ಎದುರಾಗುವ ಸಂಗತಿ. ಅಲ್ಲಿ ಆಫೀಸಿನವರೆಲ್ಲ ದೊಡ್ಡ ತಟ್ಟೆಯ ಸುತ್ತ ನಿಂತು, ಹಸಿಮೀನು ಮತ್ತು ತುರಿದ ತರಕಾರಿಯನ್ನು ಚಾಪ್‌ಸ್ಟಿಕ್‌ನಿಂದ ಮೇಲಕ್ಕೆ ಹಾರಿಸುತ್ತಾ ಶುಭದ ಮಾತು ಕೂಗುತ್ತಾರೆ. ಎಷ್ಟು ಎತ್ತರ ಹಾರಿದರೆ ಅಷ್ಟು ಒಳ್ಳೆಯದು. ಮಾಂಸ ತಿನ್ನದವರು ಮೀನಿಲ್ಲದ ತಟ್ಟೆ ಕೇಳಿದರೆ ಸಿಗುತ್ತದೆ. ಚೀನೀ ಸಹೋದ್ಯೋಗಿಯ ಮನೆಗೆ ಹಬ್ಬಕ್ಕೆ ಹೋಗುವುದಾದರೆ ಎರಡು ಕಿತ್ತಳೆ ಒಯ್ಯಿರಿ, ಒಂಟಿ ಬೇಡ. ಮಕ್ಕಳಿಗೆ ಲಕೋಟೆ ಕೊಡುವುದಾದರೆ ಹೊಸ ನೋಟು ಇರಲಿ, ಮೊತ್ತದಲ್ಲಿ 4 ಬರದಿರಲಿ. ಎರಡೂ ಕೈಯಿಂದ ಕೊಡಿ. ನಿಮಗೆ ಯಾರಾದರೂ ಕೊಟ್ಟರೆ ಅವರ ಎದುರಲ್ಲೇ ಬಿಚ್ಚಿ ನೋಡಬೇಡಿ.